ದ್ರಾಕ್ಷಿ ತೋಟದ ಬೋರ್ ನೀರಿಗೆ ಸಿ18 ನಡಿತೈತ್ಯಾ, ಎಚ್‌ಎಲ್‌ಬಿ ನ ಬೇಕಾ?

ವಿಜಾಪುರ_ಎಂಎಸ್ಸಿ: ನಮಸ್ಕಾರ್ರಿ ಎಲ್ಲಾರಿಗೂ. ಪ್ರಾಜೆಕ್ಟಿಗೆ ತಿಕೋಟಾ ಕಡೆ ತೋಟದ ಬೋರ್ ನೀರು ತಂದೀನಿ, ಹೊಡೆದ ಎಣ್ಣಿ (ಕೀಟ, ರೋಗದ ಔಷಧ) ಒಳಗ ಇಳದೈತೇನು ನೋಡಬೇಕು, ಇಮಿಡಾಕ್ಲೋಪ್ರಿಡ್, ಕಾರ್ಬೆಂಡಾಜಿಮ್, ಕ್ಲೋರ್‌ಪೈರಿಫಾಸ್ ಮೂರೂ ಒಂದ ಸರ್ತಿ. ಲ್ಯಾಬ್‌ನ್ಯಾಗ ಸಿ18 ಕಾರ್ಟ್ರಿಜ್ (ನೀರು ಹಾಯಿಸಿದ್ರ ಔಷಧ ಹಿಡದಿಡೋ ಸಣ್ಣ ಕೊಳವಿ) ಅದಾವು, ಗೈಡ್ ಸರ್ ಅದರಾಗ ಮುಗಿಸು ಅಂತಾರ, ಸೀನಿಯರ್ಸ್ ಎಚ್‌ಎಲ್‌ಬಿ ಅನ್ನೋ ಇನ್ನೊಂದು ಥರದ ಕಾರ್ಟ್ರಿಜ್ ತರಿಸು ಅಂತಾರ, ಅದರ ರೇಟ್ ಕೇಳಿದ್ರ ಎದಿ ಧಸಕ್ ಅಂತೈತಿ. ಅರ್ಧ ಲೀಟರ್ ಹಾಯಿಸಬೇಕಂತ ಮಾಡೀನಿ. ಆಸಿಡ್ ಹಾಕಿ ಪಿಎಚ್ 2ಕ್ಕ ಇಳಿಸಬೇಕೇನ್ರಿ?

ಕಾಲಮ್_ಕಾಕಾ: ಪಟ್ಟಿಯೊಳಗ ನೀರು ಬಿಟ್ಟು ಬರಾಕ ಒಲ್ಲೆ ಅನ್ನೋದು ಯಾವುದೈತಿ, ಅದನ್ನ ನೋಡಿ ಆರಿಸ್ರಿ. ಕ್ಲೋರ್‌ಪೈರಿಫಾಸ್ ಲಾಗ್ ಪಿ (ನೀರು ಬಿಟ್ಟು ಬರೋ ಒಲವಿನ ಅಳತಿ) 4.7 ಆಸುಪಾಸು, ಅದು ಯಾವುದಕ್ಕರ ಹತ್ತತೈತಿ. ಇಮಿಡಾಕ್ಲೋಪ್ರಿಡ್ 0.57 ಅಷ್ಟ, ಅರ್ಧ ಲೀಟರ್ ಹಾಯೋದ್ರಾಗ ಸಿ18 ದಾಟಿ ಕೆಳಗ ಹೋಗಿಬಿಡಬಹುದು. ಎಚ್‌ಎಲ್‌ಬಿ ಒಳಗ ಡೈವಿನೈಲ್‌ಬೆಂಜೀನ್ ಜೋಡಿ ವಿನೈಲ್‌ಪೈರೊಲಿಡೋನ್ ಇರತೈತಿ, ಹಂಗಾಗಿ ಇಂಥಾವನ್ನೂ ಹಿಡೀತೈತಿ. ಮತ್ತ ಸಿ18 ಕಂಡಿಷನ್ ಮಾಡಿದ (ಮೊದಲ ಸಾಲ್ವೆಂಟ್, ನೀರು ಹಾಯಿಸಿ ತೋಯಿಸಿದ) ಮ್ಯಾಲೆ ಸ್ಯಾಂಪಲ್ ಹಾಕೋಕಿಂತ ಮೊದಲ ಒಣಗಬಾರದು, ನೀವು ಚಾ ಕುಡದು ಬರೋದ್ರಾಗ ವ್ಯಾಕ್ಯೂಮ್ ಎಳದು ಒಣಗಿಸಿರತೈತಿ, ಎಚ್‌ಎಲ್‌ಬಿಗೆ ಅಷ್ಟು ಕಾಟ ಇಲ್ಲ. ಆಸಿಡ್ ಬ್ಯಾಡ್ರಿ. ಕಾರ್ಬೆಂಡಾಜಿಮ್ ಪಿಕೆಎ (ಅರ್ಧದಷ್ಟು ಚಾರ್ಜ್ ತಗೊಳ್ಳೋ ಪಿಎಚ್) 4.2 ಸುತ್ತ, ಪಿಎಚ್ ಅದಕ್ಕಿಂತ ಕೆಳಗ ಇಳಿಸಿದ್ರ ಚಾರ್ಜ್ ತಗೊಂಡು ಕೈಗೆ ಸಿಗಂಗಿಲ್ಲ. 2,4-ಡಿ ಅನ್ನೋ ಕಳೆನಾಶಕ ನೋಡೋರಿಗೆ ಆಸಿಡ್ ಬೇಕು, ನಿಮಗಲ್ಲ.

ಘಟಪ್ರಭಾ_ದಂಡಿ: ಕಾಕಾ ಅಂದಿದ್ದು ಖರೆ, ಆದ್ರ ಇದ್ದ ಸಿ18 ಕಸಕ್ಕ ಒಗೀಬ್ಯಾಡ್ರಿ. ಎರಡು ಕಾರ್ಟ್ರಿಜ್ ಒಂದರ ಕೆಳಗೊಂದು ಜೋಡಿಸಿ 100 ಎಂಎಲ್ ಹಾಯಿಸಿ ಬ್ಯಾರೆ ಬ್ಯಾರೆ ಎಲ್ಯೂಟ್ ಮಾಡ್ರಿ (ಸಾಲ್ವೆಂಟ್ ಹಾಕಿ ಹಿಡದದ್ದನ್ನ ಬಿಡಿಸಿ ತಗೀರಿ). ಕೆಳಗಿನದ್ರಾಗ ಇಮಿಡಾ ಸಿಕ್ತಂದ್ರ ಮ್ಯಾಲಿಂದು ಹಿಡದಿಲ್ಲ ಅಂತಾತು, ಆ ಕ್ರೊಮ್ಯಾಟೋಗ್ರಾಮ್ (ಮಶಿನ್ ಕೊಡೋ ಗ್ರಾಫ್) ಒಯ್ದು ಸರ್ ಮುಂದ ಇಡ್ರಿ, ಬಾಯಿ ಮಾತಿಗೆ ರೊಕ್ಕ ಬಿಚ್ಚಂಗಿಲ್ಲ ಅವ್ರು. ಇನ್ನೊಂದು, ಕ್ಲೋರ್‌ಪೈರಿಫಾಸ್ ಬಾಟ್ಲಿ ಗಾಜಿಗೂ ಮಣ್ಣಿನ ಕಣಕ್ಕೂ ಹತ್ತಿ ಕೂಡತೈತಿ, ಖಾಲಿ ಆದ ಬಾಟ್ಲಿ ಎಲ್ಯೂಷನ್ ಸಾಲ್ವೆಂಟಿನಿಂದ ತೊಳದು ಅದನ್ನೂ ಅದ ಕಾರ್ಟ್ರಿಜ್ ಮ್ಯಾಲೆ ಹಾಕ್ರಿ, ಭಾಳ ಮಂದಿ ಇದನ್ನ ಬಿಟ್ಟು ರಿಕವರಿ (ಇದ್ದದ್ರಾಗ ಕೈಗೆ ಸಿಕ್ಕ ಪಾಲು) ಕಡಿಮಿ ಬಂತು ಅಂತ ಕಾರ್ಟ್ರಿಜ್ ಒಳಗಿನ ಸಾರ್ಬೆಂಟಿಗೆ ಬೈತಾರ.

ವಿಜಾಪುರ_ಎಂಎಸ್ಸಿ: ಭಾಳ ಉಪಕಾರ ಆತ್ರಿ. ಸರ್ ಈಗ ಕಳೆನಾಶಕ ಗ್ಲೈಫೋಸೇಟೂ ಸೇರಿಸು ಅನ್ನಾಕತ್ತಾರ, ಇದರಾಗ ಆಗತೈತೇನ್ರಿ?

ಕಾಲಮ್_ಕಾಕಾ: ಆಗಂಗಿಲ್ರಿ, ಸಿ18, ಎಚ್‌ಎಲ್‌ಬಿ ಎರಡಕ್ಕೂ ಹತ್ತಂಗಿಲ್ಲ ಅದು. ಎಫ್‌ಮಾಕ್ ಅನ್ನೋ ರಾಸಾಯನಿಕ ಹಾಕಿ ಡೆರಿವೆಟೈಸ್ ಮಾಡೋ (ಅದರ ರೂಪ ಬದಲಿಸೋ) ಬ್ಯಾರೆ ಮೆಥಡ್ಡ ಐತಿ ಅದಕ್ಕ. ಮೊದಲ ಈ ಮೂರಕ್ಕ ನಿಮ್ಮ ಬೋರ್ ನೀರಿನ್ಯಾಗ ಸ್ಪೈಕ್ ಹಾಕಿ (ಗೊತ್ತಿದ್ದಷ್ಟು ಔಷಧ ಬೆರೆಸಿ) ನೋಡ್ರಿ, ಡಿಸ್ಟಿಲ್ಡ್ ನೀರಿನ್ಯಾಗ ಅಲ್ಲ. ರಿಕವರಿ 70ರಿಂದ 120 ಪರ್ಸೆಂಟ್ ಒಳಗ ಬಂದ್ರ ಮುಂದ ಹೋಗ್ರಿ.