ಕ್ಯಾನ್ಸರ್ ರೋಗಿಗೆ ವಿಡಿಯೋ ಕಾಲ್‌ನಲ್ಲಿ ಕೌನ್ಸೆಲಿಂಗ್: ಉಪಯೋಗ ಇದೆಯಾ?

ಡೊಂಬಿವಲಿ ರಾಘು: ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಸ್ಟೇಜ್. ರಾತ್ರಿ ನಿದ್ದೆ ಇಲ್ಲ, ತಟ್ಟೆ ಮುಂದಿಟ್ಟರೆ ಮುಖ ತಿರುಗಿಸುತ್ತಾರೆ, ಯಾರು ಬಂದರೂ ಮಾತಿಲ್ಲ. ಈಗ ಸ್ವಲ್ಪ ದಿನದಿಂದ ವಾರಕ್ಕೊಮ್ಮೆ ವಿಡಿಯೋ ಕಾಲ್‌ನಲ್ಲಿ ಥೆರಪಿಸ್ಟ್ ಮಾತಾಡಿಸುತ್ತಾರೆ. ಬೆಂಗಳೂರಿನವರು, ಕನ್ನಡದಲ್ಲೇ ಮಾತು. ಆನ್‌ಲೈನ್ ಇಲ್ಲದಿದ್ದರೆ ಇದು ನಮಗೆ ಸಿಗುತ್ತಿತ್ತಾ? ಡೊಂಬಿವಲಿಯಿಂದ ಪರೇಲ್‌ನ ಆಸ್ಪತ್ರೆಗೆ ಬೆಳಗಿನ ಲೋಕಲ್ ರೈಲಿನಲ್ಲಿ ರೋಗಿಯನ್ನು ಕರೆದುಕೊಂಡು ಹೋಗುವುದು ಅಂದರೆ ಏನು ಅಂತ ಮುಂಬೈಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ದಿವ್ಯಾಂಗರ ಡಬ್ಬಿಯಲ್ಲೂ ಕಾಲಿಡಲು ಜಾಗ ಇರುವುದಿಲ್ಲ. ಆದರೂ ನೆಂಟರೆಲ್ಲ "ಫೋನಿನಲ್ಲಿ ಮಾತಾಡಿದರೆ ಭಯ ಹೋಗುತ್ತಾ" ಅಂತ ಕೇಳುತ್ತಾರೆ. ನಾನು ಪಕ್ಕದಲ್ಲೇ ಫೋನ್ ಹಿಡಿದುಕೊಂಡು ಕೂತಿರುತ್ತೇನೆ, ನನಗೆ ವ್ಯತ್ಯಾಸ ಕಾಣುತ್ತಿದೆ. ದೂರದಲ್ಲಿರುವ ಪ್ರತಿಯೊಬ್ಬ ಕ್ಯಾನ್ಸರ್ ರೋಗಿಗೂ ಮೊದಲು ಇದನ್ನೇ ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಘಾಟ್ಕೋಪರ್ ಶೆಟ್ಟಿ: "ಯಾರು ಬಂದರೂ ಮಾತಿಲ್ಲ" ಅಂತೀರಿ. ಮನೆಯವರ ಹತ್ತಿರವೇ ಮಾತಾಡದವರು ಗುರುತು ಪರಿಚಯ ಇಲ್ಲದವರ ಹತ್ತಿರ ಏನು ಮಾತಾಡುತ್ತಾರೆ ತಮ್ಮಾ? ಇಂಥ ಕಾಯಿಲೆ ಬಂದರೆ ಬೇಜಾರು ಆಗದೆ ಇನ್ನೇನಾಗುತ್ತದೆ. ಅದಕ್ಕೊಂದು ಹೆಸರಿಟ್ಟು ಗಂಟೆಗಿಷ್ಟು ಅಂತ ದುಡ್ಡು ತೆಗೆದುಕೊಳ್ಳುತ್ತಾರೆ. ಮಕ್ಕಳು ಹತ್ತಿರ ಕೂತು ಧೈರ್ಯ ಹೇಳಿದರೆ ಸಾಕು.

ವಾಸ್ಕೋ ಪ್ರಕಾಶ: "ಬೇಜಾರು ಆಗದೆ ಇನ್ನೇನಾಗುತ್ತದೆ" ಅನ್ನುವ ಈ ಮಾತಿನಿಂದಲೇ ಎಷ್ಟೋ ಜನ ಚಿಕಿತ್ಸೆ ಸಿಗದೆ ಹೋಗುತ್ತಾರೆ ಶೆಟ್ರೇ. 2011ರಲ್ಲಿ ಲ್ಯಾನ್ಸೆಟ್ ಆಂಕಾಲಜಿ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದ್ದಾರೆ. ಪ್ಯಾಲಿಯೇಟಿವ್ ಕೇರ್, ಅಂದರೆ ನೋವು, ಸಂಕಟ ಕಡಿಮೆ ಮಾಡುವ ಆರೈಕೆಯಲ್ಲಿರುವವರಲ್ಲಿ ಖಿನ್ನತೆ 16.5%. ಸುಮ್ನೆ ಬೇಜಾರಲ್ಲ, ಸಂದರ್ಶನ ಮಾಡಿ ಪತ್ತೆ ಹಚ್ಚಿದ್ದು. ಆರು ಜನರಲ್ಲಿ ಒಬ್ಬರು. ದುಡ್ಡಿನ ಮಾತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಇನ್ನು ಆನ್‌ಲೈನ್ ವಿಷಯ. 2024ರಲ್ಲಿ ಜಾಮಾ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಮೆರಿಕದ ಅಧ್ಯಯನ ನೋಡಿ. 22 ಕ್ಯಾನ್ಸರ್ ಕೇಂದ್ರಗಳು, ಮುಂದುವರಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 1250 ರೋಗಿಗಳು. ಒಂದು ಗುಂಪಿಗೆ ವಿಡಿಯೋ, ಇನ್ನೊಂದಕ್ಕೆ ಎದುರು ಕೂತು ಭೇಟಿ. ಬದುಕಿನ ಗುಣಮಟ್ಟ ಎರಡೂ ಕಡೆ ಸಮ. ಖಿನ್ನತೆ, ಆತಂಕದಲ್ಲೂ ವ್ಯತ್ಯಾಸ ಇಲ್ಲ. ರಾಘು ಅವರ ಅಪ್ಪನಿಗೂ ಅದೇ ಕಾಯಿಲೆ. ಇನ್ನೇನು ಬೇಕು?

ಪುಣೆ ಶೈಲಾ: ಪ್ರಕಾಶ್ ಅವರೇ, ಪೂರ್ತಿ ಹೇಳಿ. ಅದು ಸೈಕೋಥೆರಪಿಯ, ಅಂದರೆ ಮಾತಿನ ಮೂಲಕ ಕೊಡುವ ಮಾನಸಿಕ ಚಿಕಿತ್ಸೆಯ ಅಧ್ಯಯನ ಅಲ್ಲ. ಪ್ಯಾಲಿಯೇಟಿವ್ ಡಾಕ್ಟರ್ ಭೇಟಿಗಳದ್ದು. ನೋವು, ಉಸಿರಾಟ, ನಿದ್ದೆ ಎಲ್ಲ ನೋಡುವ ಭೇಟಿ. ಮನೆಯವರು ಜೊತೆಗಿದ್ದದ್ದು ವಿಡಿಯೋ ಗುಂಪಿನಲ್ಲಿ ಕಡಿಮೆ ಅಂತಲೂ ಅದರಲ್ಲೇ ಇದೆ, ಸುಮಾರು 37%, ಇನ್ನೊಂದು ಗುಂಪಿನಲ್ಲಿ 50% ಹತ್ತಿರ. ನಾನು ಮನೆಮನೆಗೆ ಹೋಗುವ ಪ್ಯಾಲಿಯೇಟಿವ್ ತಂಡದಲ್ಲಿ ನರ್ಸ್. ಹಡಪ್ಸರ್ ಕಡೆ ಒಬ್ಬರು ಅಜ್ಜಿ, ಮಂಕಾಗಿ ಮಲಗಿದ್ದರು. ಖಿನ್ನತೆ ಅಂತ ಫೋನಿನಲ್ಲಿ ಕೌನ್ಸೆಲಿಂಗ್ ನಡೆಯುತ್ತಿತ್ತು. ನಾವು ಹೋಗಿ ನೋಡಿದರೆ ನಾಲಿಗೆ ಒಣಗಿ ಸೀಳು ಬಿಟ್ಟಿದೆ, ಹೊಟ್ಟೆ ಗಟ್ಟಿಯಾಗಿದೆ, ಎಷ್ಟೋ ದಿನದಿಂದ ಸಂಡಾಸಿಗೆ ಹೋಗಿಲ್ಲ, ಬೆಳಗ್ಗೆಯೋ ಸಂಜೆಯೋ ಅಂತ ಕೇಳಿದರೆ ಗೊತ್ತಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಏರಿತ್ತು. ಅದು ಖಿನ್ನತೆ ಅಲ್ಲ, ಡಿಲೀರಿಯಂ, ಅಂದರೆ ದೇಹದ ಏರುಪೇರಿನಿಂದ ಬರುವ ಬುದ್ಧಿಯ ಗೊಂದಲ. ಡ್ರಿಪ್ ಹಾಕಿ ಔಷಧಿ ಕೊಟ್ಟ ಮೇಲೆ ಮೊಮ್ಮಗನನ್ನು ಹೆಸರು ಹಿಡಿದು ಕರೆದರು. ಪರದೆ ಮೇಲೆ ಮುಖ ಮಾತ್ರ ಕಾಣುತ್ತದೆ, ಹೊಟ್ಟೆ ಕಾಣುವುದಿಲ್ಲ.

ವಾಸ್ಕೋ ಪ್ರಕಾಶ: "ಹೊಟ್ಟೆ ಕಾಣುವುದಿಲ್ಲ" ಅಂದರೆ ಅದು ಆ ಕೌನ್ಸೆಲರ್ ತಪ್ಪು, ಆನ್‌ಲೈನ್ ತಪ್ಪಲ್ಲ. ಎದುರಿಗೆ ಕುರ್ಚಿ ಹಾಕಿ ಕೂತ ಕೌನ್ಸೆಲರ್ ಆದರೂ ಹೊಟ್ಟೆ ಮುಟ್ಟಿ ನೋಡುತ್ತಾರಾ? ಥೆರಪಿಯದ್ದೇ ಪುರಾವೆ ಬೇಕಾದರೆ ಆಸ್ಟ್ರೇಲಿಯಾದವರು ಇಂಟರ್‌ನೆಟ್ ಮೂಲಕ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಥೆರಪಿ) ಪಾಠಗಳನ್ನು ಕೊಟ್ಟು, ಆರಂಭದ ಹಂತದ ಕ್ಯಾನ್ಸರ್ ಇದ್ದವರಲ್ಲಿ ಆತಂಕ, ಖಿನ್ನತೆ ಕಡಿಮೆಯಾಗಿದ್ದು ತೋರಿಸಿದ್ದಾರೆ.

ಮೀರಾ ರೋಡ್ ಉಷಾ: "ಆರಂಭದ ಹಂತ" ಅಂತ ನೀವೇ ಬರೆದಿರಿ. ಇಲ್ಲಿ ಮಾತು ನಾಲ್ಕನೇ ಸ್ಟೇಜಿನದ್ದು. ಅದಿರಲಿ. ರಾಘು ಬರೆದ ಒಂದು ವಾಕ್ಯ ಯಾರ ಕಣ್ಣಿಗೂ ಬಿದ್ದ ಹಾಗಿಲ್ಲ. "ಪಕ್ಕದಲ್ಲೇ ಫೋನ್ ಹಿಡಿದುಕೊಂಡು ಕೂತಿರುತ್ತೇನೆ." ಮಗ ಕೇಳಿಸಿಕೊಳ್ಳುತ್ತಿದ್ದರೆ ಅಪ್ಪ ಏನು ಬಾಯಿ ಬಿಡುತ್ತಾರೆ? ನನಗೆ ಸ್ತನ ಕ್ಯಾನ್ಸರ್ ಆಗಿತ್ತು. ಹಾಲ್‌ನಲ್ಲಿ ಅತ್ತೆ, ಒಳಗೆ ಮಕ್ಕಳು. ನನ್ನ ಸೆಷನ್ ನಡೆದದ್ದೆಲ್ಲ ಬಿಲ್ಡಿಂಗ್ ಟೆರೇಸಿನಲ್ಲಿ, ನೀರಿನ ಟ್ಯಾಂಕಿನ ನೆರಳಲ್ಲಿ. ಆಪರೇಷನ್ ಆದ ಮೇಲೆ ಗಂಡ ನನ್ನನ್ನು ಹೇಗೆ ನೋಡುತ್ತಾರೋ ಅನ್ನುವ ಭಯವನ್ನು ಅವರು ಫೋನ್ ಹಿಡಿದು ಕೂತಿದ್ದರೆ ಹೇಳುತ್ತಿದ್ದೆನಾ?

ಡೊಂಬಿವಲಿ ರಾಘು: ಉಷಕ್ಕ, ನಿಮಗೆ ಟೆರೇಸ್ ಹತ್ತುವ ಶಕ್ತಿ ಇತ್ತು. ನಮ್ಮದು ಒನ್ ರೂಮ್ ಕಿಚನ್. ಅಪ್ಪನ ಕೈ ನಡುಗುತ್ತದೆ, ಫೋನ್ ಹಿಡಿಯಲು ಆಗುವುದಿಲ್ಲ. ಇನ್ನೊಂದು ವಿಷಯ. ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಿಲ್ಲ. ಎದೆಯಲ್ಲಿ ನೀರು ತುಂಬಿದೆ, ಸೋಂಕು ಅಂತ ಹೇಳಿದ್ದೇವೆ. ಥೆರಪಿಸ್ಟ್ ಬಾಯಿತಪ್ಪಿ ಏನಾದರೂ ಅಂದುಬಿಟ್ಟರೆ? ಅದಕ್ಕೇ ಕೂತಿರುತ್ತೇನೆ.

ಮೀರಾ ರೋಡ್ ಉಷಾ: ಹೇಳಿಲ್ಲ!? ಕೀಮೋ ವಾರ್ಡಿನಲ್ಲಿ ಕೂತು ಬಂದ ಮನುಷ್ಯನಿಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೀರಾ? ಸುತ್ತ ಕೂದಲು ಉದುರಿದವರೇ ಇರುತ್ತಾರೆ. ನಿಮ್ಮ ಅಪ್ಪ ಮಾತು ಬಿಟ್ಟಿರುವುದೇ ಇದಕ್ಕೆ. ಮನೆಯಲ್ಲಿ ಎಲ್ಲರೂ ಸುಳ್ಳು ಹೇಳುತ್ತಿದ್ದಾರೆ ಅಂತ ಗೊತ್ತಾದವರು ಯಾರ ಹತ್ತಿರ ಮಾತಾಡಬೇಕು?

ಘಾಟ್ಕೋಪರ್ ಶೆಟ್ಟಿ: ಸುಳ್ಳು ಅನ್ನಬೇಡಿ ಅಮ್ಮ. ಹುಡುಗ ಅಪ್ಪನ ಮೇಲಿನ ಪ್ರೀತಿಗೆ ಮುಚ್ಚಿಟ್ಟಿದ್ದಾನೆ. ನಮ್ಮ ಅಣ್ಣನಿಗೆ ಡಾಕ್ಟರ್ ಮುಖಕ್ಕೇ ಹೇಳಿಬಿಟ್ಟರು. ಅವತ್ತು ಮಲಗಿದವನು ಹಾಸಿಗೆಯಿಂದ ಏಳಲಿಲ್ಲ. ರಾಘು, ಒಳ್ಳೆಯ ಕೆಲಸ ಮಾಡಿದ್ದೀಯ.

ವಾಸ್ಕೋ ಪ್ರಕಾಶ: ಪ್ರೀತಿ ಬೇರೆ, ಹಕ್ಕು ಬೇರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ನಿನಲ್ಲಿ ಗೋಪ್ಯತೆಯ ಹಕ್ಕು ರೋಗಿಗೆ ಇದೆ. ಮಗನಿಗಲ್ಲ. ಇನ್ನು ಥೆರಪಿಯ ಮಾತು. ಟೊರೊಂಟೊದವರು ಕಾಮ್ (CALM) ಅನ್ನುವ ಥೆರಪಿ ಮಾಡಿದ್ದಾರೆ, ಮುಂದುವರಿದ ಕ್ಯಾನ್ಸರ್ ಇದ್ದ 305 ಜನರ ಅಧ್ಯಯನ, 2018ರದ್ದು. ಮೂರರಿಂದ ಆರು ಸೆಷನ್, ಖಿನ್ನತೆ ಕಡಿಮೆ ಆಯಿತು. ಮುಂದೇನು, ಸಾವು ಅಂದರೆ ಏನು ಭಯ, ಇದನ್ನೆಲ್ಲ ಬಾಯಿಬಿಟ್ಟು ಮಾತಾಡುವುದೂ ಆ ಥೆರಪಿಯಲ್ಲಿ ಸೇರಿದೆ. ಕಾಯಿಲೆ ಹೆಸರನ್ನೇ ಬಚ್ಚಿಟ್ಟರೆ ಅಲ್ಲಿಗೆ ತಲುಪುವುದು ಹೇಗೆ?

ಘಾಟ್ಕೋಪರ್ ಶೆಟ್ಟಿ: ಟೊರೊಂಟೊದಲ್ಲಿ ಮಕ್ಕಳು ಹದಿನೆಂಟಕ್ಕೆ ಮನೆ ಬಿಡುತ್ತಾರೆ. ನಮ್ಮಲ್ಲಿ ಆಸ್ಪತ್ರೆ ಬಿಲ್ ಕಟ್ಟುವವನು ಮಗ, ಸಹಿ ಹಾಕುವವನು ಮಗ, ರಾತ್ರಿ ಎದ್ದು ಬೆಡ್‌ಪ್ಯಾನ್ ಇಡುವವನೂ ಮಗ. ಅವನಿಗೆ ಸೆಕ್ಷನ್ ತೋರಿಸುತ್ತೀರಾ?

ಪುಣೆ ಶೈಲಾ: ಹೇಳಬೇಕೋ ಬೇಡವೋ ಅಂತ ಎಲ್ಲರೂ ಜಗಳ ಆಡುತ್ತಿದ್ದೀರಿ. ಕೇಳಬೇಕು ಅಂತ ಯಾರೂ ಅನ್ನಲಿಲ್ಲ. ನಾವು ಮನೆಗೆ ಹೋದಾಗ ಕಾಯಿಲೆ ಹೆಸರು ಎತ್ತುವುದಿಲ್ಲ. "ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಏನು ಗೊತ್ತು? ಇನ್ನೂ ತಿಳಿದುಕೊಳ್ಳಬೇಕು ಅನ್ನಿಸುತ್ತಾ?" ಅಂತ ಕೇಳುತ್ತೇವೆ. ಕೆಲವರು ಎಲ್ಲ ಹೇಳಿ ಅಂತಾರೆ. ಕೆಲವರು ನನಗೆ ಬೇಡ, ಮಗನಿಗೆ ಹೇಳಿ ಸಾಕು ಅಂತಾರೆ. ಅದೂ ರೋಗಿಯ ತೀರ್ಮಾನವೇ. ಮಗ ಎದುರಿಗಿದ್ದರೆ ಈ ಪ್ರಶ್ನೆಗೆ ನಿಜವಾದ ಉತ್ತರ ಬರುವುದಿಲ್ಲ, ಅದಕ್ಕೇ ನಾನು ಮನೆಭೇಟಿ ಅನ್ನುವುದು. ಒಬ್ಬರು ಅಡುಗೆಮನೆಯಲ್ಲಿ ಮನೆಯವರ ಹತ್ತಿರ ಮಾತಾಡುತ್ತಿದ್ದರೆ ಇನ್ನೊಬ್ಬರು ರೋಗಿಯ ಹತ್ತಿರ ಇರಬಹುದು.

ಮೀರಾ ರೋಡ್ ಉಷಾ: "ಮಗನಿಗೆ ಹೇಳಿ ಸಾಕು" ಅನ್ನುವುದು ತೀರ್ಮಾನ ಅಲ್ಲ ಶೈಲಾ, ಹೆದರಿಕೆ. ಅದನ್ನು ನೀವು ಒಪ್ಪಿಕೊಂಡು ಬಂದುಬಿಟ್ಟರೆ ಮನೆಯವರಿಗೆ ಅನುಕೂಲ ಅಷ್ಟೇ.

ಪುಣೆ ಶೈಲಾ: ಒಪ್ಪಿಕೊಂಡು ಬರುವುದಿಲ್ಲ, ಮುಂದಿನ ವಾರ ಮತ್ತೆ ಕೇಳುತ್ತೇವೆ. ನಿಮ್ಮ ಹಾಗೆ ಎಲ್ಲರಿಗೂ ಎಲ್ಲವೂ ಬೇಕಾಗಿರುವುದಿಲ್ಲ ಉಷಾ.

ಡೊಂಬಿವಲಿ ರಾಘು: ನೀವೆಲ್ಲ ದೊಡ್ಡ ದೊಡ್ಡ ಮಾತಾಡುತ್ತೀರಿ. ನಡುರಾತ್ರಿ ಅಪ್ಪ ಎದ್ದು ಕೂತು ಎದೆ ಉಜ್ಜಿಕೊಳ್ಳುವಾಗ ಪಕ್ಕದಲ್ಲಿ ಇರುವವನು ನಾನು. ಮನೆಗೆ ಬರುವ ತಂಡ ಡೊಂಬಿವಲಿಯಲ್ಲಿ ನಮಗೆ ಸಿಕ್ಕಿಲ್ಲ, ವಿಚಾರಿಸಿದ್ದೇನೆ. ಸಿಕ್ಕಿದ್ದು ಈ ವಿಡಿಯೋ ಕಾಲ್ ಒಂದೇ. ಅದನ್ನೂ ಬಿಡು ಅಂತೀರಾ?

ಪುಣೆ ಶೈಲಾ: ಬಿಡಿ ಅಂತ ಎಲ್ಲಿ ಬರೆದೆ? ನಿದ್ದೆ ಇಲ್ಲ ಅಂತೀರಲ್ಲ, ಡೆಕ್ಸಾಮೆಥಾಸೋನ್ ಮಾತ್ರೆ ಕೊಡುತ್ತಿದ್ದಾರಾ? ಎಷ್ಟು ಹೊತ್ತಿಗೆ?

ಡೊಂಬಿವಲಿ ರಾಘು: ಕೊಡುತ್ತಿದ್ದಾರೆ. ಬೆಳಗ್ಗೆ ಒಂದು, ರಾತ್ರಿ ಊಟ ಆದ ಮೇಲೆ ಒಂದು.

ಪುಣೆ ಶೈಲಾ: ಅದು ಸ್ಟೆರಾಯ್ಡ್. ರಾತ್ರಿ ತೆಗೆದುಕೊಂಡರೆ ನಿದ್ದೆ ಹಾರಿಹೋಗುವುದು ಸಾಮಾನ್ಯ, ಕೆಲವರಿಗೆ ಚಡಪಡಿಕೆಯೂ ಜಾಸ್ತಿ. ಎರಡನೇ ಡೋಸ್ ಮಧ್ಯಾಹ್ನಕ್ಕೆ ತರಬಹುದಾ ಅಂತ ಡಾಕ್ಟರನ್ನು ನಾಳೆಯೇ ಕೇಳಿ. ನೀವಾಗಿ ನಿಲ್ಲಿಸಬೇಡಿ, ಸ್ಟೆರಾಯ್ಡ್ ಹಾಗೆ ತಟ್ಟನೆ ನಿಲ್ಲಿಸುವಂತಿಲ್ಲ. ಇಷ್ಟು ಸೆಷನ್ ಆದರೂ ಇದನ್ನು ಯಾರೂ ಕೇಳಿಲ್ಲ ನೋಡಿ. ನಾನು ಹೇಳುತ್ತಿರುವುದು ಇದನ್ನೇ.

ವಾಸ್ಕೋ ಪ್ರಕಾಶ: ನೀವೂ ಇದನ್ನು ಕೇಳಿದ್ದು ಆನ್‌ಲೈನ್‌ನಲ್ಲೇ ಅಲ್ವಾ ಮೇಡಂ, ಡೊಂಬಿವಲಿಗೆ ಹೋಗದೆ?

ಪುಣೆ ಶೈಲಾ: ನಾನು ಅವರ ಅಪ್ಪನ ಥೆರಪಿಸ್ಟ್ ಅಲ್ಲ. ಕೇಳಬೇಕಾದವರು ಕೇಳಿಲ್ಲ.

ಮೀರಾ ರೋಡ್ ಉಷಾ: ಮಾತ್ರೆ ವಿಷಯ ಸರಿ ಹೋಗಬಹುದು. ರಾಘು, ಒಂದೇ ಒಂದು ಪ್ರಶ್ನೆ. "ನನಗೆ ಏನಾಗಿದೆ" ಅಂತ ಅಪ್ಪ ನಿಮ್ಮನ್ನು ಕೇಳಿದ್ದಾರಾ?

ಡೊಂಬಿವಲಿ ರಾಘು: ಕೇಳಿದ್ದಾರೆ. ನನ್ನನ್ನು, ಅಮ್ಮನನ್ನು, ವಾರ್ಡ್ ಬಾಯ್‌ಯನ್ನೂ ಕೇಳಿದ್ದಾರೆ. ಅದಕ್ಕೆ ಹೇಳಿಬಿಡಬೇಕು ಅಂತ ನನಗೆ ಅನ್ನಿಸುವುದಿಲ್ಲ. ಗುರುವಾರ ಸೆಷನ್ ಇದೆ. ಫೋನಿಗೆ ಸ್ಟ್ಯಾಂಡ್ ತಂದು ಇಡುತ್ತೇನೆ, ಅಪ್ಪನ ಕೈ ನಡುಗುವುದಕ್ಕೆ. ನಾನು ರೂಮಿನಲ್ಲೇ ಇರುತ್ತೇನೆ.

ಮೀರಾ ರೋಡ್ ಉಷಾ: ಮೂರು ಜನರನ್ನು ಕೇಳಿದ್ದಾರೆ! ಇದಕ್ಕಿಂತ ಸ್ಪಷ್ಟವಾಗಿ ಒಬ್ಬ ಮನುಷ್ಯ ಇನ್ನು ಹೇಗೆ ಕೇಳಬೇಕು?

ಘಾಟ್ಕೋಪರ್ ಶೆಟ್ಟಿ: ಕೇಳಿದ ತಕ್ಷಣ ಹೇಳಲೇಬೇಕು ಅಂತ ಏನಿಲ್ಲ. ರಾಘು, ರೂಮಿನಲ್ಲೇ ಇರು.

ಪುಣೆ ಶೈಲಾ: ಗುರುವಾರಕ್ಕೆ ಮೊದಲು ನೀವೊಬ್ಬರೇ ಥೆರಪಿಸ್ಟ್‌ಗೆ ಫೋನ್ ಮಾಡಿ, ಅಪ್ಪ ಕೇಳುತ್ತಿದ್ದಾರೆ ಅಂತ ಹೇಳಿ. ಅದನ್ನಾದರೂ ಮಾಡಿ.

ವಾಸ್ಕೋ ಪ್ರಕಾಶ: ಮೂಲ ಪ್ರಶ್ನೆ ಆನ್‌ಲೈನ್ ಕೆಲಸ ಮಾಡುತ್ತದಾ ಅನ್ನುವುದು. 1250 ಜನರ ಅಧ್ಯಯನಕ್ಕೆ ಇಲ್ಲಿ ಒಬ್ಬರೂ ಸರಿಯಾದ ಉತ್ತರ ಕೊಟ್ಟಿಲ್ಲ.

ಪುಣೆ ಶೈಲಾ: ಕೊಟ್ಟಿದ್ದೇನೆ. ಅದು ಥೆರಪಿಯ ಅಧ್ಯಯನ ಅಲ್ಲ. ಮೇಲೆ ಓದಿ.