ಮನೆಯಲ್ಲಿ ಕಟ್ಟಿದ ಚಾಪರ್: ನಿಧಾನವಾಗಿ ಹೋದರೆ ಹ್ಯಾಂಡಲ್ ಬೀಳುತ್ತದೆ, 60 ದಾಟಿದರೆ ನಡುಗುತ್ತದೆ

ಉಣಕಲ್ ಬುಲೆಟ್ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ತಿಂಗಳಿಂದ ಮನೆಯ ಪಕ್ಕದ ಪತ್ರಾಸ್ ಶೆಡ್ಡಿನಲ್ಲಿ ಒಂದು ಹಳೆಯ ಬುಲೆಟ್ 350 ಗಾಡಿಯನ್ನು ಚಾಪರ್, ಅಂದರೆ ಮುಂದಿನ ಗಾಲಿ ಉದ್ದಕ್ಕೆ ಮುಂದೆ ಚಾಚಿದ ಗಾಡಿ, ಮಾಡುತ್ತಿದ್ದೇನೆ. ಬೀಡು ಕಬ್ಬಿಣದ ಎಂಜಿನ್, 70 ಮಿ.ಮೀ. ಬೋರ್, 90 ಮಿ.ಮೀ. ಸ್ಟ್ರೋಕ್, ಗೇರ್ ಬಲಗಾಲಿಗೆ. ಎಂಜಿನ್ನಿಗೆ ನಾನು ಕೈ ಹಚ್ಚಿಲ್ಲ. ಅದು ನನಗಿಂತ ಆರೋಗ್ಯವಾಗಿದೆ.

ಕೈ ಹಚ್ಚಿದ್ದು ಚಾಸಿಗೆ. ಹ್ಯಾಂಡಲ್ ಕೂರುವ ಕುತ್ತಿಗೆ ಮೊದಲು ನೇರ ಗೆರೆಯಿಂದ 27 ಡಿಗ್ರಿ ಹಿಂದಕ್ಕೆ ವಾಲಿತ್ತು. ಪೈಪುಗಳನ್ನು ಕತ್ತರಿಸಿ ಅದನ್ನು 38ಕ್ಕೆ ವಾಲಿಸಿ ಬೆಸುಗೆ ಹಾಕಿದೆ. ಮುಂದಿನ ಗಾಲಿಯನ್ನು ಹಿಡಿಯುವ ಫೋರ್ಕ್ ಪೈಪುಗಳನ್ನು ಮೊದಲಿಗಿಂತ 8 ಇಂಚು ಉದ್ದ ಮಾಡಿಸಿದೆ. ಹಿಂದಿನ ಶಾಕ್ ಅಬ್ಸಾರ್ಬರ್‌ಗಳು 2 ಇಂಚು ಗಿಡ್ಡ. ಮುಂದೆ ಹಳೆಯ 19 ಇಂಚಿನ ಗಾಲಿ, 3.25ರ ಟೈರ್. ಹಿಂದೆ 120 ಮಿ.ಮೀ. ಅಗಲದ ಟೈರ್.

ನೋಡಲು ನಿಜಕ್ಕೂ ಚೆಂದ ಬಂದಿದೆ, ಫೋಟೋ ಹಾಕಿದ್ದೇನೆ. ಓಡಿಸಲು ಬರುತ್ತಿಲ್ಲ. ಗೇಟಿನಿಂದ ಹೊರಗೆ ತಿರುಗಿಸುವಾಗ, ಅಂದರೆ ನಡಿಗೆಯ ವೇಗದಲ್ಲಿ, ಹ್ಯಾಂಡಲ್ ತಾನಾಗಿಯೇ ಪಕ್ಕಕ್ಕೆ ಬಿದ್ದುಬಿಡುತ್ತದೆ. ಎರಡೂ ಕೈಯಿಂದ ಎತ್ತಿ ಹಿಡಿಯಬೇಕು. ಇನ್ನೊಂದು ಕಡೆ, ವೇಗ 60 ದಾಟಿದರೆ ಹ್ಯಾಂಡಲ್ ಗಡಗಡ ನಡುಗುತ್ತದೆ. ಹ್ಯಾಂಡಲ್ ತಿರುಗುವ ಬೇರಿಂಗ್, ಅಂದರೆ ಕೋನ್ ಸೆಟ್, ಎರಡು ಸಲ ಹೊಸದು ಹಾಕಿದೆ. ಗಾಲಿಯ ಸೊಟ್ಟು (ರಿಮ್ ಔಟ್) ತೆಗೆಸಿದೆ. ಕೋನ್ ನಟ್ ಬಿಗಿ ಮಾಡಿದರೆ ನಡುಕ ಕಡಿಮೆಯಾಗುತ್ತದೆ, ಆದರೆ ನಿಧಾನದಲ್ಲಿ ಗಾಡಿ ಕುಡಿದವನಂತೆ ಅತ್ತಿತ್ತ ಹೋಗುತ್ತದೆ. ಸಡಿಲ ಮಾಡಿದರೆ ಮತ್ತೆ ನಡುಕ. ಮೂರನೆಯ ಕೋನ್ ಸೆಟ್ ತರುವ ಮೊದಲು ಕೇಳೋಣ ಎನಿಸಿತು.

ಗದಗ ರಸ್ತೆ ಫಿಟ್ಟರ್

ತಮ್ಮಾ, ತರಬೇಡ. ನಾನು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಮೋಟರ್‌ಸೈಕಲ್ ನನ್ನ ಕಸುಬಲ್ಲ, ಆದರೆ ಗಾಲಿ ಎಲ್ಲಿದ್ದರೂ ಗಾಲಿಯೇ.

ನಿನ್ನ ಗಾಡಿಗೆ ಎರಡು ಬೇರೆ ಬೇರೆ ರೋಗ. ನೀನು ಎರಡಕ್ಕೂ ಒಂದೇ ಗುಳಿಗೆ ಕೊಡುತ್ತಿದ್ದೀಯ. ಕೋನ್ ನಟ್ ಅತಿಯಾಗಿ ಬಿಗಿಯಾದರೆ ಹ್ಯಾಂಡಲ್ ತನ್ನಷ್ಟಕ್ಕೆ ಸರಿಹೋಗಲು ಬಿಡುವುದಿಲ್ಲ, ಗಾಡಿ ಅತ್ತಿತ್ತ ಹೋಗುವುದು ಅದಕ್ಕೇ. ಬಿಗಿಯು ನಡುಕವನ್ನು ಅಮುಕಿ ಹಿಡಿಯುತ್ತದೆ ಅಷ್ಟೆ, ವಾಸಿ ಮಾಡುವುದಿಲ್ಲ. ಮುಂದಿನ ಗಾಲಿ ಎತ್ತಿ ನಿಲ್ಲಿಸು. ಅಲುಗಾಟ ಇರಬಾರದು, ಆದರೆ ಬೆರಳಿನಿಂದ ಮುಟ್ಟಿದರೆ ಹ್ಯಾಂಡಲ್ ತಡೆಯಿಲ್ಲದೆ ತಿರುಗಬೇಕು. ಅಲ್ಲಿಗೆ ಬಿಗಿದು ಮರೆತುಬಿಡು.

ಆಮೇಲೆ ಒಂದು ಗೌಂಡಿ ದಾರ, ಒಂದು ತೂಗುಗುಂಡು ತೆಗೆದುಕೊ. ಗಾಡಿಯನ್ನು ಸಮನೆಲದ ಮೇಲೆ, ಅದರ ಭಾರ ಗಾಲಿಗಳ ಮೇಲೆಯೇ ಇರುವಂತೆ ನೇರವಾಗಿ ನಿಲ್ಲಿಸು. ಹ್ಯಾಂಡಲ್ ತಿರುಗುವ ಕಂಬ ಯಾವ ದಿಕ್ಕಿಗೆ ವಾಲಿದೆಯೋ ಅದೇ ಗೆರೆಯಲ್ಲಿ ದಾರವನ್ನು ಗಾಲಿಯ ಪಕ್ಕದಿಂದ ನೆಲದವರೆಗೆ ಎಳೆ. ಮುಟ್ಟಿದಲ್ಲಿ ಸೀಮೆಸುಣ್ಣದ ಗುರುತು. ಮುಂದಿನ ಆಕ್ಸೆಲ್ ನಡುವಿನಿಂದ ತೂಗುಗುಂಡು ಬಿಡು, ಅಲ್ಲಿ ಇನ್ನೊಂದು ಗುರುತು. ಎರಡರ ನಡುವಿನ ಅಂತರ ಬರೆದು ಹಾಕು. ಅದನ್ನು ಟ್ರೇಲ್ ಎನ್ನುತ್ತಾರೆ. ಕುತ್ತಿಗೆಯ ಕೋನವನ್ನೂ ಮತ್ತೊಮ್ಮೆ ಅಳೆ. ಕತ್ತರಿಸಿದಾಗ ಎಷ್ಟಿತ್ತೆಂದು ಹೇಳಬೇಡ, ಈಗ ಎಷ್ಟಿದೆ ಅದನ್ನು ಹೇಳು.

ಹಾವೇರಿ ವಕೀಲ

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಸರ ಬೇಡ. 60ರ ವೇಗವನ್ನು ಎಲ್ಲಿ ನೋಡಿದಿರಿ? ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್.ಸಿ.ಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಎರಡೂ. ನಿಮ್ಮ ಪಟ್ಟಿಯನ್ನು ಓದುತ್ತಾ ಬೆರಳು ಮಡಚಿದೆ, ಒಂದು ಕೈ ಸಾಲಲಿಲ್ಲ. ಚಾಸಿ ಸಂಖ್ಯೆ ಕುತ್ತಿಗೆಯ ಮೇಲಿರುತ್ತದೆ. ಅದು ಅರೆಯುವಾಗ ಹೋಗಿಲ್ಲ ತಾನೆ?

ಉಣಕಲ್ ಬುಲೆಟ್

ಸಂಖ್ಯೆಯನ್ನು ಮುಟ್ಟಿಲ್ಲ ಸರ್. ಕುತ್ತಿಗೆಯನ್ನು ಇಡಿಯಾಗಿ ಉಳಿಸಿಕೊಂಡು ಅದರ ಹಿಂದಿನ ಪೈಪುಗಳನ್ನಷ್ಟೇ ಕತ್ತರಿಸಿದೆ. ಗಾಡಿ ರಸ್ತೆಗಲ್ಲ, ಕುಂದಗೋಳದ ಕಡೆ ನಮ್ಮದೇ ಹೊಲವಿದೆ, ಅಲ್ಲಿಗೆ ಮತ್ತು ಪ್ರದರ್ಶನಕ್ಕೆ. 60 ನೋಡಿದ್ದು ಇನ್ನೂ ಮನೆ ಏಳದ ಒಂದು ಲೇಔಟಿನಲ್ಲಿ, ಬೆಳಗಿನ ಐದೂವರೆಗೆ. ತಪ್ಪೇ. ಇನ್ನು ಮಾಡುವುದಿಲ್ಲ.

ಕಾಕಾ, ನಿನ್ನೆ ರಾತ್ರಿ ಅಳೆದೆ. ಎರಡು ಗುರುತುಗಳ ನಡುವೆ 22 ಸೆಂ.ಮೀ. ಮೂರು ಸಲ ಅಳೆದೆ. ಕುತ್ತಿಗೆ 38 ಇಲ್ಲ, 42 ಇದೆ! ಬೆಸುಗೆ ಹಾಕಿದ ದಿನ ಖಂಡಿತ 38 ಇತ್ತು. ಕಬ್ಬಿಣ ಬಾಗಿತೇ?

ಬೆಟಗೇರಿ ಲೇತ್

ಕಬ್ಬಿಣ ಬಾಗಿಲ್ಲ ಅಣ್ಣ, ಗಾಡಿಯೇ ಮೂತಿ ಎತ್ತಿದೆ. 27ರಿಂದ 38ಕ್ಕೆ ವಾಲಿಸಿದರೆ ಚಾಸಿ ಮೊದಲಿನ ಮಟ್ಟದಲ್ಲೇ ನಿಲ್ಲಲು ಫೋರ್ಕಿಗೆ ಬೇಕಾದ ಹೆಚ್ಚಿನ ಉದ್ದ ಸುಮಾರು 4 ಇಂಚು. ನೀವು ಹಾಕಿದ್ದು 8. ಮಿಕ್ಕ 4 ಇಂಚು ಮುಂಭಾಗವನ್ನು ಸುಮಾರು 8 ಸೆಂ.ಮೀ. ಮೇಲಕ್ಕೆ ಎತ್ತಿತು. ಹಿಂದೆ ಗಿಡ್ಡ ಶಾಕ್ ಹಾಕಿ ಕುಂಡಿ ಇಳಿಸಿದಿರಿ. ಎರಡೂ ಸೇರಿ ಚಾಸಿ ಹಿಂದಕ್ಕೆ ವಾಲಿತು, ಚಾಸಿಯ ಜೊತೆಗೆ ಕುತ್ತಿಗೆಯೂ ವಾಲಿತು. ನಾಲ್ಕು ಡಿಗ್ರಿ ಎಲ್ಲಿಂದ ಬಂತೆಂದರೆ ಅಲ್ಲಿಂದ.

ಲೆಕ್ಕ ಬೇಕಾದವರಿಗೆ: ಗಾಲಿಯ ತ್ರಿಜ್ಯವನ್ನು ಕೋನದ ಸೈನ್‌ನಿಂದ ಗುಣಿಸಿ, ಅದರಿಂದ ಹ್ಯಾಂಡಲ್ ಕಂಬದ ಗೆರೆಗಿಂತ ಆಕ್ಸೆಲ್ ಎಷ್ಟು ಮುಂದಿದೆಯೋ ಅಷ್ಟನ್ನು ಕಳೆದು, ಉಳಿದದ್ದನ್ನು ಕೋನದ ಕೊಸೈನ್‌ನಿಂದ ಭಾಗಿಸಬೇಕು. ತ್ರಿಜ್ಯ ಟೈರ್ ಸೇರಿ 323 ಮಿ.ಮೀ., ಆಕ್ಸೆಲ್ 50 ಮಿ.ಮೀ. ಮುಂದಿದೆ ಎಂದು ಹಿಡಿದರೆ 27 ಡಿಗ್ರಿಗೆ ಟ್ರೇಲ್ 108 ಮಿ.ಮೀ., 38ಕ್ಕೆ 189, 42ಕ್ಕೆ 223. ನಿಮ್ಮ ಸೀಮೆಸುಣ್ಣ ಸುಳ್ಳು ಹೇಳಿಲ್ಲ.

ಕಚೇರಿಯ ಕುರ್ಚಿಯ ಗಾಲಿ ತಳ್ಳಿದ ಕಡೆಗೆ ತಾನೇ ಹಿಂದೆ ಬರುತ್ತದಲ್ಲ, ಅದು ಟ್ರೇಲ್ ಮಾಡುವ ಕೆಲಸ. ಟ್ರೇಲ್ ಇಲ್ಲದಿದ್ದರೆ ಗಾಡಿ ನೇರ ಹೋಗದು. ಆದರೆ ಕುತ್ತಿಗೆ ಇಷ್ಟು ವಾಲಿ ಟ್ರೇಲ್ ಇಷ್ಟು ಉದ್ದವಾದರೆ, ಹ್ಯಾಂಡಲ್ ಸ್ವಲ್ಪ ತಿರುಗಿದ ಕೂಡಲೇ ಗಾಡಿಯ ಮುಂಭಾಗ ಕೆಳಗೆ ಇಳಿಯುತ್ತದೆ. ಎಂಜಿನ್ ಭಾರವೆಲ್ಲ ಹ್ಯಾಂಡಲನ್ನು ಇನ್ನಷ್ಟು ತಿರುಗಿಸುತ್ತದೆ. ನೀವು ಎರಡು ಕೈಯಿಂದ ಎತ್ತುತ್ತಿರುವುದು ಆ ಭಾರವನ್ನು.

ಪರಿಹಾರ: ಮೂಲಕ್ಕಿಂತ 4 ಇಂಚು ಮಾತ್ರ ಹೆಚ್ಚು ಉದ್ದದ ಪೈಪು, ಹಿಂದೆ ಮೂಲ ಅಳತೆಯ ಶಾಕ್. ಕೋನ 38ಕ್ಕೆ ಬರುತ್ತದೆ. ಆಮೇಲೆ ಫೋರ್ಕನ್ನು 30 ಮಿ.ಮೀ. ಮುಂದಕ್ಕೆ ಹಿಡಿಯುವ ಹೊಸ ಮೇಲಿನ ಟಿ, ಕೆಳಗಿನ ಟಿ ಮಾಡಿಸಿ (ಟಿ ಎಂದರೆ ಫೋರ್ಕ್ ಪೈಪುಗಳನ್ನು ಕುತ್ತಿಗೆಗೆ ಹಿಡಿಸುವ ಪಟ್ಟಿ). ಟ್ರೇಲ್ 15 ಸೆಂ.ಮೀ.ಗೆ ಇಳಿಯುತ್ತದೆ. ಇಂಥ ಗಾಡಿಗೆ ಅದು ಸಹಿಸಬಹುದಾದ ಅಳತೆ.

ಓದುವ ಉಳಿದವರಿಗೆ ಒಂದು ಮಾತು. ಫೋರ್ಕನ್ನೇ 5 ಡಿಗ್ರಿ ಹೊರಗೆ ಚಾಚುವ ಟಿ ಸಿಗುತ್ತದೆ. ಚಾಸಿ ಕತ್ತರಿಸದೆ ಚಾಪರ್ ಮಾಡಬಹುದೆಂದು ಅದನ್ನು ಕಂಪನಿಯ ಕುತ್ತಿಗೆಗೆ ಹಾಕಬೇಡಿ. ಫೋರ್ಕ್ ಉದ್ದಕ್ಕೆ ಚಾಚುತ್ತದೆ ನಿಜ, ಆದರೆ ಟ್ರೇಲ್ 3 ಸೆಂ.ಮೀ. ಆಸುಪಾಸಿಗೆ ಬೀಳುತ್ತದೆ. ವೇಗದಲ್ಲಿ ಹ್ಯಾಂಡಲ್ ಯಾವ ಕಡೆ ಹೋಗುತ್ತದೆಂದು ಹೇಳಲಾಗದು. ನೋಡಿದವರಿಗೆ ಎರಡು ಗಾಡಿಯೂ ಒಂದೇ ತರಹ ಕಾಣುತ್ತವೆ, ಅದೇ ಅಪಾಯ.

ಧಾರವಾಡ ಸಿಂಗಲ್

ಬಲಗಾಲಿನ ಗೇರನ್ನು ಮುಂದಕ್ಕೆ ತರಲು ಲಿಂಕ್ ರಾಡ್ ಹೇಗೆ ಮಾಡಿದಿರಿ? ಅದರ ಫೋಟೋ ಇದ್ದರೆ ಹಾಕಿ.

ಉಣಕಲ್ ಬುಲೆಟ್

ಹಾಕುತ್ತೇನೆ ಸರ್, ಮೊದಲು ಇದು ಮುಗಿಯಲಿ. ಒಂದನೆಯ ರೋಗ ಗೊತ್ತಾಯಿತು. 60ರ ನಡುಕ?

ಗದಗ ರಸ್ತೆ ಫಿಟ್ಟರ್

ಅದಕ್ಕೂ ದಾರವೇ, ಗಾಲಿಗಳು ಒಂದೇ ಗೆರೆಯಲ್ಲಿವೆಯೋ ನೋಡಲು. ಹಿಂದಿನ ಟೈರಿನ ಹಿಂಭಾಗಕ್ಕೆ ದಾರ ಸುತ್ತಿ ಎರಡೂ ಬದಿಯಿಂದ ಮುಂದಕ್ಕೆ ತಾ. ಹಿಂದಿನ ಟೈರಿನ ಎರಡೂ ಅಂಚನ್ನು ದಾರ ಮೆಲ್ಲಗೆ ಮುಟ್ಟುವಂತೆ ಎಳೆದು ಕಟ್ಟು. ಮುಂದಿನ ಟೈರ್ ಸಣ್ಣದು, ಆದ್ದರಿಂದ ಎರಡೂ ಬದಿಗೆ ಸಂದು ಇರುತ್ತದೆ. ಎಡ ಬಲ ಸಂದು ಸಮವಿರಬೇಕು.

ಉಣಕಲ್ ಬುಲೆಟ್

ಸಮವಿಲ್ಲ. ಎಡಕ್ಕೆ 8 ಮಿ.ಮೀ., ಬಲಕ್ಕೆ 30. ಗಾಲಿಗಳು ಒಂದೇ ಗೆರೆಯಲ್ಲಿಲ್ಲ, 11 ಮಿ.ಮೀ. ಆಚೆ ಈಚೆ. ಹಿಂದಿನ ಆಕ್ಸೆಲ್ಲಿನ ಚೈನ್ ಅಡ್ಜಸ್ಟರ್‌ಗಳಲ್ಲಿ ಎರಡೂ ಕಡೆ ಒಂದೇ ಹಲ್ಲು ಎಣಿಸಿ ಇಟ್ಟಿದ್ದೆ. ಈಗ ಹಿಂದಿನ ಗಾಲಿ ಹಿಡಿಯುವ ಸ್ವಿಂಗ್ ಆರ್ಮ್‌ನ ಬೋಲ್ಟಿನಿಂದ ಆಕ್ಸೆಲ್ಲಿನವರೆಗೆ ಟೇಪ್ ಹಿಡಿದರೆ ಎರಡು ಬದಿಗೂ ಬೇರೆ ಬೇರೆ ಅಳತೆ. ಹಲ್ಲು ಎಣಿಸುವುದನ್ನು ಬಿಟ್ಟು ಟೇಪಿನಿಂದ ಸರಿ ಮಾಡಿದೆ. ಈಗ ಎಡ 12, ಬಲ 26. ಇನ್ನೂ 7 ಮಿ.ಮೀ. ಉಳಿಯಿತು. ಅದು ಎಲ್ಲಿಯದು?

ಗದಗ ರಸ್ತೆ ಫಿಟ್ಟರ್

ಹಿಂದಿನ ಗಾಲಿಯನ್ನು ತೂಗುಗುಂಡಿಗೆ ನೇರ ಮಾಡಿ ನಿಲ್ಲಿಸು. ಅದೇ ಗುಂಡನ್ನು ಮುಂದಿನ ಗಾಲಿಗೆ ಹಿಡಿ. ಅದು ಒಂದು ಕಡೆಗೆ ವಾಲಿದ್ದರೆ ಕುತ್ತಿಗೆ ತಿರುಚಿದೆ ಎಂದು ಅರ್ಥ. ಬೆಸುಗೆ ಹೇಗೆ ಹಾಕಿದೆ? ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದು ಬದಿಗೆ ಹೋದೆಯೋ?

ಉಣಕಲ್ ಬುಲೆಟ್

ಹೌದು ಕಾಕಾ. ಎಡಬದಿ ಪೂರ್ತಿ, ಚಹಾ ಕುಡಿದು ಬಂದು ಬಲಬದಿ. ಮುಂದಿನ ಗಾಲಿ ಎಡಕ್ಕೇ ವಾಲಿದೆ.

ಗದಗ ರಸ್ತೆ ಫಿಟ್ಟರ್

ಬೆಸುಗೆ ತಣಿಯುವಾಗ ಕುಗ್ಗುತ್ತದೆ, ಕುಗ್ಗುವಾಗ ಪೈಪನ್ನು ತನ್ನ ಕಡೆಗೆ ಎಳೆಯುತ್ತದೆ. ನೀನು ಚಹಾ ಕುಡಿಯುವ ಹೊತ್ತಿಗೆ ಅದು ತನ್ನ ಕೆಲಸ ಮುಗಿಸಿತ್ತು. ಎರಡನೆಯ ಬದಿ ಹಾಕಿದ್ದು ಆಗಲೇ ಸೊಟ್ಟಗಾದದ್ದನ್ನು ಗಟ್ಟಿ ಮಾಡಲಿಕ್ಕೆ.

ಈಗ ಇನ್ನೊಂದು ಪ್ರಶ್ನೆ, ನೀನು ಕೇಳದೇ ಇದ್ದದ್ದು. ಫೋಟೋದಲ್ಲಿ ಕುತ್ತಿಗೆಯ ಹತ್ತಿರ ಬೆಸುಗೆಯ ಗುರುತೇ ಕಾಣುತ್ತಿಲ್ಲ. ಗಾಜಿನಂತೆ ನುಣ್ಣಗಿದೆ. ಬೆಸುಗೆಯನ್ನು ಅರೆದು ಪುಟ್ಟಿ ಹಾಕಿದ್ದೀಯಾ?

ಉಣಕಲ್ ಬುಲೆಟ್

ಹೌದು. ಗ್ರೈಂಡರ್ ಹಿಡಿದು ಸಮ ಮಾಡಿ, ಪುಟ್ಟಿ, ಮೇಲೆ ಮೂರು ಕೋಟ್ ಕಪ್ಪು ಬಣ್ಣ. ಎಲ್ಲರೂ ಅದನ್ನೇ ಹೊಗಳಿದರು.

ಗದಗ ರಸ್ತೆ ಫಿಟ್ಟರ್

ಹೊಗಳಿದವರು ಅದರ ಮೇಲೆ ಕೂರುವುದಿಲ್ಲ. ಬಣ್ಣ, ಪುಟ್ಟಿ ಎಲ್ಲ ತೆಗೆ. ಬರಿಯ ಕಬ್ಬಿಣ ಕಾಣಲಿ. ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡು. ಹತ್ತಿರ ಬೆಂಕಿ, ಗ್ರೈಂಡರ್ ಯಾವುದೂ ಬೇಡ. ಬಟ್ಟೆಯಿಂದ ಒಣಗುವ ಹಾಗೆ ಒರೆಸು. ಸೀಮೆಸುಣ್ಣವನ್ನು ಪುಡಿ ಮಾಡಿ ಸ್ಪಿರಿಟ್‌ನಲ್ಲಿ ಕಲಸಿ ತೆಳ್ಳಗೆ ಬಳಿ. ಸ್ಪಿರಿಟ್ ಆರಿದ ಮೇಲೆ ಕಾದು ನೋಡು. ಬಿರುಕು ಇದ್ದರೆ ಒಳಗೆ ಕುಳಿತ ಎಣ್ಣೆ ಹೊರಗೆ ಬಂದು ಸುಣ್ಣವನ್ನು ನೆನೆಸುತ್ತದೆ. ಹಿಂದೆ ರೈಲಿನ ಆಕ್ಸೆಲ್ಲುಗಳನ್ನೂ ಎಣ್ಣೆ, ಸುಣ್ಣ ಹಚ್ಚಿಯೇ ನೋಡುತ್ತಿದ್ದರು. ಈಗ ಇದೇ ಕೆಲಸಕ್ಕೆ ಕೆಂಪು ಬಣ್ಣದ ಡೈ ಡಬ್ಬಿಯಲ್ಲಿ ಸಿಗುತ್ತದೆ, ಅದು ಇನ್ನೂ ಒಳ್ಳೆಯದು.

ಉಣಕಲ್ ಬುಲೆಟ್

ಕಾಕಾ, ಬರೆಯಲು ಕೈ ನಡುಗುತ್ತಿದೆ.

ಸುಣ್ಣ ಬಳಿದು ಲೈಟ್ ಹಿಡಿದುಕೊಂಡು ಕುಳಿತಿದ್ದೆ. ಹತ್ತು ನಿಮಿಷ ಏನೂ ಇಲ್ಲ. ಎದ್ದು ಬರುವಷ್ಟರಲ್ಲಿ ಮೇಲಿನ ದೊಡ್ಡ ಪೈಪಿನ ಕೆಳಬದಿಯಲ್ಲಿ ಕೂದಲಿನಷ್ಟು ತೆಳು ಗೆರೆ. ಬೆಳ್ಳಗಿದ್ದ ಸುಣ್ಣದ ಮೇಲೆ ಬೂದು ಬಣ್ಣಕ್ಕೆ ತಿರುಗುತ್ತಾ ಉದ್ದವಾಗುತ್ತಾ ಹೋಯಿತು. ಅಳೆದೆ, 14 ಮಿ.ಮೀ. ಬೆಸುಗೆಯ ಅಂಚಿನಲ್ಲಿ, ಗ್ರೈಂಡರ್ ಅತಿ ಹೆಚ್ಚು ಕೊರೆದ ಜಾಗದಲ್ಲೇ ಇದೆ. ಹಿಂದಿನ ಭಾನುವಾರ ನನ್ನ ಮಗಳನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಕಾಂಪೌಂಡಿನಲ್ಲಿ ಎರಡು ಸುತ್ತು ಹಾಕಿದ್ದೆ.

ಬೆಟಗೇರಿ ಲೇತ್

ಗಾಡಿ ಮುಟ್ಟಬೇಡಿ. ಆ ಬಿರುಕಿನ ಮೇಲೆ ಇನ್ನೊಂದು ಬೆಸುಗೆ ಎಳೆಯುವ ಯೋಚನೆಯೂ ಬೇಡ. ಪೂರ್ತಿ ಕತ್ತರಿಸಿ ಮತ್ತೆ ಮಾಡಬೇಕು, ಹೇಗೂ ಕುತ್ತಿಗೆ ಸೊಟ್ಟಗಿದೆ. ಈ ಸಲ ಚಾಸಿಯನ್ನು ದಪ್ಪ ಚಾನೆಲ್ ಕಬ್ಬಿಣದ ಜಿಗ್ಗಿಗೆ (ಅಲುಗದಂತೆ ಹಿಡಿಯುವ ಚೌಕಟ್ಟು) ಬೋಲ್ಟ್ ಹಾಕಿ ಹಿಡಿಸಿ. ಪೈಪು ಸೇರುವ ಜಾಗದಲ್ಲಿ ಒಳಗೆ ಬಿಗಿಯಾಗಿ ಕೂರುವ ಇನ್ನೊಂದು ಪೈಪಿನ ತುಂಡು ಇಡಿ. ಹೊರ ಪೈಪಿಗೆ ತೂತು ಕೊರೆದು ತೂತಿನ ಮೂಲಕವೂ ಬೆಸುಗೆ ತುಂಬಿಸಿ. ಕುತ್ತಿಗೆಗೂ ಪೈಪಿಗೂ ನಡುವೆ ತ್ರಿಕೋನದ ಪಟ್ಟಿ. ಮೊದಲು ನಾಲ್ಕೂ ಕಡೆ ಬರೀ ಟ್ಯಾಕ್ (ಚುಕ್ಕಿ ಬೆಸುಗೆ), ಆಮೇಲೆ ಎದುರು ಬದುರು ಸ್ವಲ್ಪ ಸ್ವಲ್ಪ. ಪ್ರತಿ ಸಲ ತಣಿಯಲು ಬಿಟ್ಟು ದಾರ ಹಿಡಿದು ನೋಡಿ. ಅಂತಿಮ ಬೆಸುಗೆಯನ್ನು ದಿನವೂ ಟಿಗ್ ಬೆಸುಗೆ ಯಂತ್ರ ಹಿಡಿಯುವವರ ಕೈಗೆ ಕೊಡಿ. ತಾರಿಹಾಳ, ಗೋಕುಲ ರಸ್ತೆಯ ಕಡೆ ಅಂಥವರು ಸಿಗುತ್ತಾರೆ. ನೀವು ನಿಂತು ನೋಡಿ, ಚಹಾ ಅವರಿಗೆ ಕುಡಿಸಿ.

ಅರೆಯುವುದು ಮಾತ್ರ ಬೇಡ. ಬೆಸುಗೆಯ ಉಬ್ಬು ಕಾಣಲಿ.

ಉಣಕಲ್ ಬುಲೆಟ್ (ಏಳು ವಾರಗಳ ನಂತರ)

ಎಲ್ಲ ಮತ್ತೆ ಮಾಡಿದೆ. ಜಿಗ್ಗಿಗೆ ಹಳೆಯ ಚಾನೆಲ್ ಗುಜರಿಯಲ್ಲಿ ಸಿಕ್ಕಿತು. ಟಿಗ್ ಬೆಸುಗೆ ಹೊರಗೆ ಮಾಡಿಸಿದೆ, ಕೆಂಪು ಡೈ ಹಾಕಿ ನೋಡಿದೆ, ಗೆರೆ ಇಲ್ಲ. ಫೋರ್ಕ್ 4 ಇಂಚು ಉದ್ದ, ಹಿಂದೆ ಮೂಲ ಶಾಕ್, ಟಿಗಳು ಬೆಟಗೇರಿಯವರು ಕೊಟ್ಟ ಚಿತ್ರದಂತೆ. ಕುತ್ತಿಗೆ 38, ಟ್ರೇಲ್ 15 ಸೆಂ.ಮೀ., ದಾರದ ಸಂದು ಎಡ 19, ಬಲ 18. ಬೆಸುಗೆಯ ಮೇಲೆ ಪುಟ್ಟಿ ಇಲ್ಲ, ತೆಳುವಾದ ಬಣ್ಣ ಅಷ್ಟೆ.

ಗಾಡಿಯನ್ನು ಟೆಂಪೊದಲ್ಲಿ ಹೇರಿ ಹೊಲಕ್ಕೆ ಒಯ್ದೆ, ವಕೀಲರು ಓದುತ್ತಿದ್ದಾರೆಂದು ಹೇಳುತ್ತಿದ್ದೇನೆ. ಎರೆ ಮಣ್ಣಿನ ಬಂಡಿದಾರಿಯಲ್ಲಿ ಒಂದೇ ಕೈಯಲ್ಲಿ ತಿರುಗಿಸಿದೆ, ಹ್ಯಾಂಡಲ್ ಬೀಳಲಿಲ್ಲ. 60ಕ್ಕೆ ಅಲ್ಲಿ ಜಾಗವಿಲ್ಲ. 45ರವರೆಗೆ ಹೋದೆ, ನೇರ ಹೋಯಿತು. ನಡುಕ ಪೂರ್ತಿ ಹೋಯಿತೆಂದು ನಾನಿನ್ನೂ ಹೇಳುವುದಿಲ್ಲ.

ಕಾಕಾ, ಒಂದೇ ಅನುಮಾನ. ಹೊಸ ಟಿ ಹಾಕಿದ ಮೇಲೆ ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಫೋರ್ಕ್ ಪೈಪಿಗೂ ಟ್ಯಾಂಕಿಗೂ ನಡುವೆ ನನ್ನ ಕಿರುಬೆರಳು ಹೋಗುತ್ತದೆ. ಸಾಕೇ?

ಗದಗ ರಸ್ತೆ ಫಿಟ್ಟರ್

ಅಲ್ಲಿ ಹ್ಯಾಂಡಲ್ ಹಿಡಿದ ನಿನ್ನ ಹೆಬ್ಬೆರಳು ಸಿಕ್ಕಿಕೊಳ್ಳುತ್ತದೆಯೋ ನೋಡು. ಸಿಕ್ಕಿಕೊಂಡರೆ ಹ್ಯಾಂಡಲ್ ಅತಿಯಾಗಿ ತಿರುಗದಂತೆ ತಡೆಯುವ ಲಾಕ್ ಸ್ಟಾಪರಿಗೆ ಒಂದು ತುಂಡು ಕಬ್ಬಿಣ ಬೆಸುಗೆ ಹಾಕಿ ಸೇರಿಸು. ಸೇರಿಸುವ ಮೊದಲು ಬ್ಯಾಟರಿಯ ವೈರ್ ಬಿಚ್ಚು.