ಮಗಳ ಟೀಚರ್‌ಗೆ ಬೆಂಗಳೂರಿಂದ ಏನು ಒಯ್ಯಲಿ?

ಬಾಸ್ಟನ್ ಅಮ್ಮ, ಈಗ ಬಸವನಗುಡಿಯಲ್ಲಿ:
ಎಲ್ಲರಿಗೂ ನಮಸ್ಕಾರ. ಅಪ್ಪನ ಭೀಮರಥ ಶಾಂತಿಗೆ ಅಂತ ಬಂದಿದ್ದೀವಿ, ಭಾನುವಾರ ರಾತ್ರಿ ವಾಪಸ್ ಫ್ಲೈಟು. ಮೇ ತಿಂಗಳ ಮೊದಲ ಪೂರ್ತಿ ವಾರ ಅಲ್ಲಿ ಟೀಚರ್‌ಗಳಿಗೆ ಥ್ಯಾಂಕ್ಸ್ ಹೇಳೋ ವಾರ. ಹೋದ ವರ್ಷ ಇಲ್ಲಿಂದ ಬೆಳ್ಳಿ ಕುಂಕುಮದ ಭರಣಿ ತಗೊಂಡು ಹೋಗಿ ಕೊಟ್ಟಿದ್ದೆ. ಮಾರನೇ ದಿನ ಅದೇ ಡಬ್ಬಿ ಮಗಳ ಬ್ಯಾಗಲ್ಲಿ ವಾಪಸ್ ಬಂತು. ಜೊತೆಗೊಂದು ಚೀಟಿ, ಇಷ್ಟು ಬೆಲೆಯದ್ದು ಇಟ್ಕೊಳ್ಳೋ ಹಾಗಿಲ್ಲ ಅಂತ. "ಮಿಸ್‌ಗೆ ನಾನು ಇಷ್ಟ ಇಲ್ವಾ ಅಮ್ಮಾ?" ಅಂತ ಮಗಳು ಅತ್ತಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಈ ವರ್ಷ ಎರಡನೇ ಕ್ಲಾಸು, ಟೀಚರ್ ಬೇರೆ. ಮಗಳ ಹೆಸರು ಸರಿಯಾಗಿ ಕರೀಬೇಕು ಅಂತ ಮೊದಲ ವಾರವೇ ಅವಳ ಹತ್ರ ನಾಲ್ಕು ಸಲ ಹೇಳಿಸಿ, ಬಿಡಿಬಿಡಿಯಾಗಿ ಬರ್ಕೊಂಡವರು. ಇಂಥವರಿಗೆ ಏನು ಕೊಡಲಿ? ಅಂಗಡಿಗೆ ಹೋಗೋಕೆ ನಾಳೆ ಒಂದೇ ದಿನ ಇರೋದು.

ವುಸ್ಟರ್, 12 ವರ್ಷದಿಂದ:
ಬೇಜಾರು ಮಾಡ್ಕೋಬೇಡಿ, ಆ ಟೀಚರ್ ತಪ್ಪಲ್ಲ, ಕಾನೂನು. ನಮ್ಮ ಮ್ಯಾಸಚೂಸೆಟ್ಸ್‌ನಲ್ಲಿ ಸರ್ಕಾರಿ ಶಾಲೆಯ ಟೀಚರ್‌ಗಳು 50 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಉಡುಗೊರೆ ತಗೊಳ್ಳೋ ಹಾಗಿಲ್ಲ. ಇಡೀ ಕ್ಲಾಸಿನ ಹೆಸರಲ್ಲಿ, ಯಾರು ಎಷ್ಟು ಹಾಕಿದರು ಅಂತ ತಿಳಿಸದೆ ಕೊಟ್ಟರೆ 150ರವರೆಗೂ ನಡೆಯುತ್ತೆ. ಇದನ್ನ ಮಗಳಿಗೂ ಬಿಡಿಸಿ ಹೇಳಿ, ಪಾಪ. ತಿಂಡಿ ಬೇಡ, ಯಾರಿಗೆ ಯಾವ ಅಲರ್ಜಿಯೋ. ಸ್ಯಾಂಡಲ್ ಸೋಪಿನ ಪರಿಮಳವೂ ಎಲ್ಲರಿಗೂ ಆಗಲ್ಲ. ಚನ್ನಪಟ್ಟಣದ ಆಟಿಕೆ ಒಯ್ಯಿರಿ. ಆಲೆ ಮರ, ಅರಗಿನ ಬಣ್ಣ, ತೂಕ ಇಲ್ಲ, ಒಡೆಯೋ ಭಯ ಇಲ್ಲ. ಎಂ.ಜಿ. ರೋಡಿನ ಕಾವೇರಿ ಎಂಪೋರಿಯಂನಲ್ಲಿ ನೋಡಿ.

ಸ್ಯಾನ್ ಹೋಸೆ, 24 ವರ್ಷದಿಂದ:
ನೇರವಾಗಿ ಹೇಳ್ತೀನಿ, ಕ್ಷಮಿಸಿ. ಗುರುವಿಗೆ ಸಾಮಾನು ಕೊಡೋದೇ ತಪ್ಪು. ರಾಧಾಕೃಷ್ಣನ್ ಅವರು ಮೈಸೂರಿನ ಮಹಾರಾಜಾ ಕಾಲೇಜಲ್ಲಿ ಪಾಠ ಮಾಡ್ತಿದ್ದರು. 1921ರಲ್ಲಿ ಕಲ್ಕತ್ತಕ್ಕೆ ಹೊರಟಾಗ ಹುಡುಗರು ಅವರ ಸಾರೋಟನ್ನ ತಾವೇ ಸ್ಟೇಷನ್‌ವರೆಗೂ ಎಳ್ಕೊಂಡು ಹೋದರು. ಯಾವ ಪೊಟ್ಟಣಕ್ಕಿಂತಲೂ ಅದು ದೊಡ್ಡದು. ಆ ಭಕ್ತಿಯನ್ನ ಮಕ್ಕಳಿಗೆ ಕಲಿಸಿ. ನನ್ನ ಇಬ್ಬರು ಮಕ್ಕಳೂ ಇಲ್ಲೇ ಹುಟ್ಟಿ ಬೆಳೆದವರು. ಇವತ್ತಿಗೂ ಮನೆಗೆ ಹಿರಿಯರು ಬಂದರೆ ಕಾಲಿಗೆ ಬೀಳ್ತಾರೆ, ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಿಲ್ಲ. ಮೊದಲು ಅದಾಗಲಿ. ಉಡುಗೊರೆ ಅಂತ ಶುರುವಾದರೆ ಅದು ಲಂಚದ ಮೊದಲ ಮೆಟ್ಟಿಲು.

ಸಿಂಗಪುರದಿಂದ ವಾಪಸ್, ಜೆ.ಪಿ. ನಗರ:
ಲಂಚ ಅನ್ನೋದು ಜಾಸ್ತಿ ಆಯ್ತು ಸರ್. ಆದರೆ ಇಲ್ಲಿ ಸೆಪ್ಟೆಂಬರ್ 5 ಬಂದರೆ ಏನಾಗುತ್ತೆ ಗೊತ್ತಾ? ನಮ್ಮ ಕ್ಲಾಸಿನ ವಾಟ್ಸಾಪ್ ಗುಂಪಲ್ಲಿ ತಲೆಗೆ 500 ಅಂತ ಎತ್ತಿದರು. ಕೊಟ್ಟವರ ಹೆಸರಿನ ಮುಂದೆ ಹಸಿರು ಟಿಕ್ ಹಾಕಿ ಪಟ್ಟಿ ಬೇರೆ. ಮೂರು ಹೆಸರು ಖಾಲಿ ಉಳೀತು. ಅದರಲ್ಲಿ ಒಬ್ಬರು ಆಟೋ ಓಡಿಸೋರು, ಆ ತಿಂಗಳು ಆಸ್ಪತ್ರೆಯಲ್ಲಿದ್ದರು. ಆ ಪಟ್ಟಿ ನೋಡಿ ನನಗೆ ನಿದ್ದೆ ಬರಲಿಲ್ಲ. 1962ರಿಂದ ನಡೆದು ಬಂದ ದಿನ ಕಣ್ರೀ, ಅದನ್ನ ಹೀಗೆ ಮಾಡಬಾರದು.

ಡಲ್ಲಾಸ್, ಧಾರವಾಡದಾಂವ:
ಅಕ್ಕಾರ, ನನಗ ಉಡುಗೊರಿ ವಿಷಯ ತಿಳಿಯೂದಿಲ್ಲ. ನಮ್ಮ ಗಣಿತದ ಮಾಸ್ತರು ಸಂಜೀಕ ಮನಿಗೆ ಕರದು, ಒಂದು ರೂಪಾಯಿ ತಗೊಳ್ಳದ ಹೇಳಿಕೊಟ್ರು. ಎಂಜಿನಿಯರಿಂಗ್ ಸೀಟ್ ಸಿಕ್ಕಾಗ ಫೇಡೆ ತಗೊಂಡು ಹೋಗಬೇಕು ಅಂದ್ಕೊಂಡೆ. ಇವತ್ತು ನಾಳೆ ಅಂತ ಹತ್ತೊಂಬತ್ತು ವರ್ಷ ಆತು. ಹೋದಾಗ ಮನಿಗೆ ಕೀಲಿ ಹಾಕಿತ್ತು, ಮಾಸ್ತರು ತೀರಿಕೊಂಡು ಎರಡು ವರ್ಷ ಆಗಿತ್ತು. ಏನರೆ ಕೊಡ್ರಿ, ಆದ್ರ ಈಗ ಕೊಡ್ರಿ.

ಸ್ಯಾನ್ ಹೋಸೆ, 24 ವರ್ಷದಿಂದ:
ನೋಡಿ, ಮಾಸ್ತರು ಒಂದು ರೂಪಾಯಿ ತಗೊಳ್ಳಲಿಲ್ಲ ಅಂತ ಇವರೇ ಹೇಳ್ತಿದ್ದಾರೆ. ನನ್ನ ಮಾತೂ ಅದೇ.

ಡಲ್ಲಾಸ್, ಧಾರವಾಡದಾಂವ:
ಅಣ್ಣಾರ, ನಾ ಹೇಳಿದ್ದು ಅದಲ್ಲ.

ದುಬೈ, ಮೊದಲು ರಾಜಾಜಿನಗರದಲ್ಲಿ ಟೀಚರ್:
ಒಂಬತ್ತು ವರ್ಷ ಪ್ರೈಮರಿ ಮಕ್ಕಳಿಗೆ ಕಲಿಸಿದೀನಿ. ಕಪ್ಪು, ಪೆನ್ನು, ಫೋಟೋ ಫ್ರೇಮು ಎಷ್ಟು ಬಂತೋ ಲೆಕ್ಕ ಇಲ್ಲ, ಮನೆ ಬದಲಾಯಿಸುವಾಗ ಹಂಚಿಬಿಟ್ಟೆ. ಒಂದು ಮಾತ್ರ ದುಬೈಗೂ ಬಂದಿದೆ, ನಾಲ್ಕು ಗೆರೆ ಪುಸ್ತಕದಿಂದ ಹರಿದ ಹಾಳೆ. "ನಾನು ವಾಂತಿ ಮಾಡಿದಾಗ ನೀವು ಬೈಲಿಲ್ಲ ಮಿಸ್" ಅಂತ ಬರೆದಿತ್ತು ಆ ಮಗು. ಮಗಳ ಕೈಲಿ ಬರೆಸಿ ಅಮ್ಮ, ನೀವು ಹೇಳಿಕೊಡಬೇಡಿ. ಬರೀ "ಥ್ಯಾಂಕ್ಯೂ ಮಿಸ್" ಸಾಲದು, ಟೀಚರ್ ಮಾಡಿದ ಒಂದು ಕೆಲಸ ಅದರಲ್ಲಿರಲಿ. ನೀವೂ ನಾಲ್ಕು ಸಾಲು ಬರೆದು ಪ್ರಿನ್ಸಿಪಾಲರಿಗೆ ಒಂದು ಪ್ರತಿ ಕಳಿಸಿ. ನಮ್ಮ ಕೆಲಸದಲ್ಲಿ ದೂರು ಮೇಲಕ್ಕೆ ಬೇಗ ಹೋಗುತ್ತೆ, ಒಳ್ಳೆ ಮಾತು ಹೋಗಲ್ಲ.

ಬಾಸ್ಟನ್ ಅಮ್ಮ, ಈಗ ಬಸವನಗುಡಿಯಲ್ಲಿ:
ಎಲ್ಲರ ಮಾತೂ ಓದಿದೆ. ಧಾರವಾಡದ ಅಣ್ಣನ ಮಾತು ಓದಿ ಅಪ್ಪ ಸುಮಾರು ಹೊತ್ತು ಸುಮ್ಮನೆ ಕೂತಿದ್ದರು. ಇವತ್ತು ನ್ಯಾಷನಲ್ ಕಾಲೇಜ್ ಸ್ಟೇಷನ್ನಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಲ್ಲಿ ಬದಲಾಯಿಸಿ ಎಂ.ಜಿ. ರೋಡಿಗೆ ಹೋಗಿ ಬಂದ್ವಿ. ಆರಿಸಿದ್ದು ಮಗಳೇ: ಬೆರಳಲ್ಲಿ ತಿರುಗಿಸೋ ನಾಲ್ಕು ಪುಟ್ಟ ಬುಗುರಿ. ಐವತ್ತು ಡಾಲರಿನ ಹತ್ತಿರಕ್ಕೂ ಬರಲ್ಲ. ಅಪ್ಪನ ಮನೆಯ ಕೆಂಪು ನೆಲದ ಮೇಲೆ ಬಿಟ್ಟು ಯಾವುದು ಜಾಸ್ತಿ ಹೊತ್ತು ನಿಲ್ಲುತ್ತೆ ನೋಡಿದಳು. ಹಳದಿಯದ್ದು ಗೆದ್ದಿತು, ಅದನ್ನ ಮಿಸ್‌ಗೆ ಬೇರೆ ಸುತ್ತಿಟ್ಟಿದ್ದಾಳೆ. ಕಾಗದದಲ್ಲಿ ಅವಳೇ ಬರೆದಿದ್ದು: "ನನಗೆ ಉತ್ತರ ಹೊಳೆಯೋಕೆ ತಡ ಆದರೂ ನೀವು ಕಾಯ್ತೀರ." ಇದು ನನಗೆ ಗೊತ್ತೇ ಇರಲಿಲ್ಲ.

ಈಗ ಅಪ್ಪ ಮಿಸ್ ಹೆಸರನ್ನ ಸ್ಲೇಟಿನ ಮೇಲೆ ಕನ್ನಡದಲ್ಲಿ ಬರೆದುಕೊಟ್ಟಿದ್ದಾರೆ, ಕವರಿನ ಮೇಲೆ ಬರೆಯೋಕೆ. "ಥ" ಒಳಗಿನ ಚುಕ್ಕಿ ಮೂರು ಸಲ ಮರೆತಳು, ನಾಲ್ಕನೇ ಸಲಕ್ಕೆ ಅಳಿಸ್ತಾ ಕೂತಿದ್ದಾಳೆ.